ಕಂಪವಾತವೂ ಸಹಾಯಕ ಔಷಧಗಳೂ
(ಮಹೋತ್ಸವದ ಭಕ್ತಸಭೆಯಲ್ಲಿ ಜರುಗಿದ ಉಪನ್ಯಾಸ)



ಇಂಥ ಮಹೋತ್ಸವದ ಸಭೆಗಳಲ್ಲಿ ತತ್ತ್ವವಿಚಾರವೂ ಪುರಾತನರ ಚರಿತ್ರವೂ ಪ್ರಸಂಗಕ್ಕೆ ಬರುವದು ವಾಡಿಕೆ. ಆದರೆ ಪೂಜೆಯಾಗಲಿ, ಕಾಯಕವಾಗಲಿ, ದಾಸೋಹವಾಗಲಿ ಶರೀರದ ಆಶ್ರಯವಿಲ್ಲದೆ ನಡೆಯತಕ್ಕವುಗಳಲ್ಲ. ಆದಕಾರಣ ಶರೀರಕ್ಕೆ ಬಂದೊದಗುವ ಒಂದು ದೀರ್ಘರೋಗವನ್ನೂ, ಅದರ ಚಿಕಿತ್ಸೆಯಲ್ಲಿ ಮನೆಯವರು ತಿಳಿದಿರಬೇಕಾದ ಕೆಲವು ಎಚ್ಚರಿಕೆಗಳನ್ನೂ ವಿಚಾರಿಸುವದು ಈ ಸಭೆಗೆ ಅನುಚಿತವಾಗಲಾರದು.

ಮಠಕ್ಕೆ ಬರುವ ಹಿರಿಯರಲ್ಲಿ ಕೆಲವರ ಕೈಯು ತೊಡೆಯ ಮೇಲೆ ಸುಮ್ಮನೆ ಇರುವಾಗಲೇ ನಡುಗುತ್ತಿರುವದನ್ನು ಎಲ್ಲರೂ ಕಂಡಿರುವರು. ಹೆಬ್ಬೆರಳೂ ತೋರುಬೆರಳೂ ಗುಳಿಗೆಯನ್ನು ಉರುಳಿಸುತ್ತಿರುವಂತೆ ಚಲಿಸುವವು. ಹೆಜ್ಜೆಗಳು ಕಿರಿದಾಗುವವು, ಕೈಬರಹವು ಸಾಲು ಮುಂದುವರಿದಂತೆಲ್ಲ ಸಣ್ಣದಾಗುವದು, ಧ್ವನಿಯು ಕುಗ್ಗುವದು, ಮುಖದ ಮೇಲಿನ ನಗೆಯು ಅಡಗಿ, ನೋಡಿದವರಿಗೆ ಇವರು ಸಿಟ್ಟಾಗಿರುವರೋ ಎಂಬ ಭ್ರಾಂತಿಯು ಹುಟ್ಟುವದು. ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡು ಕುಳಿತಾಗ ಕೈಯು ತನ್ನ ವಶದಲ್ಲಿಲ್ಲವೆಂದರೆ ಆ ಭಕ್ತನಿಗಾಗುವ ಸಂಕಟವು ಎಷ್ಟೆಂಬದನ್ನು ಬಾಯಿಂದ ಹೇಳತೀರದು.

ಈ ರೋಗವು ನಮ್ಮ ದೇಶದ ವೈದ್ಯರಿಗೆ ಹೊಸದಲ್ಲ. ಮಾಧವನಿದಾನದಲ್ಲಿ ‘ವೇಪಥು’ವೆಂಬ ಹೆಸರಿನಿಂದ ನಡುಕದ ವಾತವ್ಯಾಧಿಯೊಂದು ಹೇಳಲ್ಪಟ್ಟಿದೆ, ಜನರು ಅದನ್ನು ಕಂಪವಾತವೆಂದು ಕರೆಯುವರು. ಪಾಶ್ಚಾತ್ಯರಲ್ಲಿ ಲಂಡನ್ ನಗರದ ಜೇಮ್ಸ್ ಪಾರ್ಕಿನ್ಸನ್ನನೆಂಬ ವೈದ್ಯನು ೧೮೧೭ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿ ಪ್ರಬಂಧವನ್ನು ಬರೆದನು. ಮುಂದೆ ಅವನ ಹೆಸರೇ ರೋಗಕ್ಕೆ ನಿಂತಿತು. ನಡುಗುವ ಕೈಯೆಲ್ಲವೂ ಈ ರೋಗದ ಕೈಯಲ್ಲವೆಂಬದನ್ನು ಮಾತ್ರ ಮರೆಯಬಾರದು. ನಡುಕಕ್ಕೆ ಬೇರೆ ಕಾರಣಗಳೂ ಉಂಟು. ಅದನ್ನು ವಿಂಗಡಿಸುವದು ವೈದ್ಯರ ಕೆಲಸವು.

ರೋಗದ ಮೂಲವು ಕೈಯಲ್ಲಿಲ್ಲ, ಮೆದುಳಿನಲ್ಲಿದೆ. ನಡುಮೆದುಳಿನೊಳಗೆ ಕಪ್ಪು ಛಾಯೆಯ ಒಂದು ಸಣ್ಣ ಭಾಗವುಂಟು. ಅಲ್ಲಿಯ ಜೀವಕೋಶಗಳು ಡೋಪಮೀನ್ ಎಂಬ ರಸದ್ರವ್ಯವನ್ನು ಹುಟ್ಟಿಸಿ ಅಂಗಾಂಗಗಳ ಚಲನೆಯನ್ನು ಹದದಲ್ಲಿಡುವವು. ಆ ಕೋಶಗಳು ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಕ್ಷಯಿಸಿದಾಗ ಈ ರೋಗವು ತಲೆದೋರುವದು. ಇದನ್ನು ಕಂಡುಹಿಡಿದ ಬಗೆಯಲ್ಲಿ ಈ ದೇಶದ ಒಂದು ಮೂಲಿಕೆಗೂ ಪಾಲುಂಟು. ೧೯೫೭ರಲ್ಲಿ ಸ್ವೀಡನ್ ದೇಶದ ಅರ್ವಿದ್ ಕಾರ್ಲ್‌ಸನ್ನರು ಸರ್ಪಗಂಧಿಯಿಂದ ತೆಗೆದ ರೆಸರ್ಪಿನ್ ಎಂಬ ದ್ರವ್ಯವನ್ನು ಮೊಲಗಳಿಗೆ ಕೊಟ್ಟರು; ಅವು ಅಲುಗಾಡದೆ ಬಿದ್ದುಕೊಂಡವು. ಬಳಿಕ ಅವುಗಳಿಗೆ ಡೋಪಾ ಎಂಬ ದ್ರವ್ಯವನ್ನು ಕೊಡಲು ಅವು ಮತ್ತೆ ಚಲಿಸಿದವು. ಈ ಶೋಧದ ದಾರಿಯಲ್ಲಿ ನಡೆದ ಕಾರ್ಲ್‌ಸನ್ನರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ೧೯೬೦ರಲ್ಲಿ ವಿಯೆನ್ನಾ ನಗರದ ಹಾರ್ನಿಕೀವಿಚ್ಚರೂ ಅವರ ಜತೆಗಾರರೂ ಈ ರೋಗದಿಂದ ಮೃತರಾದವರ ಮೆದುಳಿನಲ್ಲಿ ಡೋಪಮೀನ್ ಬಹಳ ಕಡಿಮೆಯಾಗಿರುವದನ್ನು ತೋರಿಸಿಕೊಟ್ಟರು.

ಕಡಿಮೆಯಾದದ್ದನ್ನು ತುಂಬಿಕೊಡುವ ಔಷಧವೇ ಲೆವೊಡೋಪಾ. ಡೋಪಮೀನನ್ನೇ ಸೇವಿಸಿದರೆ ಅದು ಮೆದುಳನ್ನು ಹೊಗಲಾರದು. ಲೆವೊಡೋಪಾ ಹೊಗಬಲ್ಲದು, ಹೊಕ್ಕ ಮೇಲೆ ಡೋಪಮೀನಾಗುವದು. ೧೯೬೭ರಲ್ಲಿ ಅಮೇರಿಕದ ಜಾರ್ಜ್ ಕೊಟ್ಜಿಯಸರು ಡೋಪಾವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಾಯಿಯ ಮೂಲಕ ಕೊಟ್ಟು, ಹಾಸಿಗೆ ಹಿಡಿದವರು ಎದ್ದು ನಡೆಯುವದನ್ನು ಕಂಡರು. ಕೆಳಗಿನಿಂದ ಆರಂಭಿಸಿ ಮೆಲ್ಲಗೆ ಏರಿಸುವದೆಂಬ ಅಂದಿನ ಕ್ರಮವೇ ಇಂದಿಗೂ ಈ ರೋಗದ ಚಿಕಿತ್ಸೆಯ ತಳಹದಿಯಾಗಿದೆ. ಆದರೆ ಲೆವೊಡೋಪಾವನ್ನು ಒಂಟಿಯಾಗಿ ಕೊಟ್ಟರೆ ಅದರ ಬಹುಭಾಗವು ಹೊಟ್ಟೆಯಲ್ಲಿಯೂ ರಕ್ತದಲ್ಲಿಯೂ ರೂಪಾಂತರ ಹೊಂದಿ, ವಾಂತಿಯನ್ನುಂಟುಮಾಡಿ ವ್ಯರ್ಥವಾಗುವದು. ಆದ್ದರಿಂದ ಕಾರ್ಬಿಡೋಪಾ ಎಂಬ ಇನ್ನೊಂದು ದ್ರವ್ಯವನ್ನು ಅದರ ಜತೆಗೆ ಒಂದೇ ಗುಳಿಗೆಯಲ್ಲಿ ಕೂಡಿಸಿದರು. ಇದು ಮೆದುಳಿಗೆ ಹೋಗುವದಿಲ್ಲ; ಹೊರಗೆ ನಿಂತು ದಾರಿಯ ನಷ್ಟವನ್ನು ತಡೆಯುವದು. ಸಹಾಯಕ ಔಷಧಗಳ ಪರಂಪರೆಯಲ್ಲಿ ಇದೇ ಮೊದಲನೆಯದೆನ್ನಬಹುದು.

ಆರಂಭದ ಕೆಲವು ವರ್ಷ ದಿನಕ್ಕೆ ಮೂರು ಹೊತ್ತಿನ ಗುಳಿಗೆಯಿಂದ ದಿನವಿಡೀ ಸುಖವಾಗಿರುವದುಂಟು. ಕಾಲಕ್ರಮದಲ್ಲಿ ಮೆದುಳಿನ ಕೋಶಗಳು ಇನ್ನಷ್ಟು ಕ್ಷಯಿಸಿ, ಒದಗಿದ ಡೋಪಮೀನನ್ನು ಕೂಡಿಟ್ಟುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುವವು. ಲೆವೊಡೋಪಾ ರಕ್ತದಲ್ಲಿ ಬಹಳ ಹೊತ್ತು ನಿಲ್ಲತಕ್ಕದ್ದಲ್ಲ. ಕಾರ್ಬಿಡೋಪಾದ ಜತೆಗಿದ್ದರೂ ಸುಮಾರು ಒಂದೂವರೆ ತಾಸಿನಲ್ಲಿ ಅರ್ಧದಷ್ಟು ಹೋಗಿಬಿಡುವದು. ಆಗ ಮುಂದಿನ ಗುಳಿಗೆಯ ಹೊತ್ತು ಬರುವ ಮೊದಲೇ ಕಾಲು ಹೂತುಹೋದಂತೆ ನಿಲ್ಲುವದು, ಕೈಯು ಮತ್ತೆ ನಡುಗುವದು. ಈ ಖಾಲಿ ಹೊತ್ತನ್ನು ಕಡಿಮೆಮಾಡುವದಕ್ಕಾಗಿ ವೈದ್ಯರು ಕೆಲವೊಮ್ಮೆ ಗುಳಿಗೆಗಳನ್ನು ಹತ್ತಿರ ಹತ್ತಿರ ತರುವರು. ಕೆಲವೊಮ್ಮೆ ಬೇರೊಂದು ಔಷಧವನ್ನು ಕೂಡಿಸುವರು. ಹೀಗೆ ಕೂಡಿಸಿದ್ದೇ ಸಹಾಯಕ ಔಷಧವು.

ಆಯುರ್ವೇದದಲ್ಲಿ ಅನುಪಾನವೆಂಬದೊಂದುಂಟು. ಜೇನು, ತುಪ್ಪ, ಬಿಸಿನೀರು ಮೊದಲಾದವು ಔಷಧವನ್ನು ಹಿಂಬಾಲಿಸಿ ಅದರ ಗುಣಕ್ಕೆ ನೆರವಾಗುವವು. ಸಹಾಯಕ ಔಷಧವನ್ನು ಅದಕ್ಕೆ ಹೋಲಿಸಿದರೆ ವಿಷಯವು ಬೇಗ ತಿಳಿಯುವದು. ಆದರೆ ಒಂದು ಭೇದವನ್ನು ಗಟ್ಟಿಯಾಗಿ ನೆನಪಿಡಬೇಕು. ಅನುಪಾನದ ಜೇನು ತುಸು ಹೆಚ್ಚುಕಡಿಮೆಯಾದರೆ ವಿಶೇಷ ಬಾಧಕವಿಲ್ಲ. ಸಹಾಯಕ ಔಷಧವಾದರೋ ಮುಖ್ಯ ಔಷಧದ ಬಲವನ್ನೇ ಬದಲಿಸುವದು. ಅದನ್ನು ಕೂಡಿಸಿದ ದಿನದಿಂದ ಹಳೆಯ ಗುಳಿಗೆಯು ಹೆಸರಿಗೆ ಮಾತ್ರ ಹಳೆಯದು. ಶರೀರದಲ್ಲಿ ಅದು ಹೊಸ ಗುಳಿಗೆಯಾಗಿ ವರ್ತಿಸುವದು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಮುಂದೆ ಹೇಳುವ ಎಚ್ಚರಿಕೆಗಳೆಲ್ಲವೂ ತಾವಾಗಿಯೇ ತಿಳಿಯುವವು.

ಸಹಾಯಕ ಔಷಧಗಳಲ್ಲಿ ಮೊದಲನೆಯ ವರ್ಗವು ಎಂಟಕಪೋನ್, ಒಪಿಕಪೋನ್ ಮುಂತಾದವುಗಳದು. ಲೆವೊಡೋಪಾವನ್ನು ರಕ್ತದಲ್ಲಿ ಕೆಡಿಸುವ ಒಂದು ಕಿಣ್ವವನ್ನು ಇವು ತಡೆದು, ಅದು ಇನ್ನಷ್ಟು ಹೊತ್ತು ಉಳಿಯುವಂತೆ ಮಾಡುವವು. ಎಂಟಕಪೋನಿಗೆ ರೋಗದ ಮೇಲೆ ತನ್ನದೇ ಆದ ಶಕ್ತಿಯಿಲ್ಲ; ಲೆವೊಡೋಪಾವಿಲ್ಲದೆ ಅದನ್ನು ಸೇವಿಸಿದರೆ ಫಲವು ಸೊನ್ನೆ. ಅದಕ್ಕಾಗಿ ಅದರ ೨೦೦ ಮಿಲಿಗ್ರಾಮಿನ ಗುಳಿಗೆಯನ್ನು ಲೆವೊಡೋಪಾದ ಜತೆಯಲ್ಲಿಯೇ ನುಂಗುವ ಪದ್ಧತಿಯುಂಟು. ಒಪಿಕಪೋನ್ ದಿನಕ್ಕೊಮ್ಮೆ ಮಲಗುವ ಹೊತ್ತಿಗೆ ಕೊಡತಕ್ಕದ್ದು. ಇವನ್ನು ಕೂಡಿಸಿದ ಮೊದಲ ದಿನಗಳಲ್ಲಿಯೇ ಕೈಕಾಲುಗಳು ತಾವಾಗಿ ಹೊರಳಾಡುವ ಅತಿಚಲನೆಯು ಕಾಣಿಸಬಹುದು. ಅದು ಸಹಾಯಕನ ಕಾರಣದಿಂದ ಮುಖ್ಯ ಔಷಧವು ಹೆಚ್ಚಾದ ಗುರುತು. ವೈದ್ಯರು ಲೆವೊಡೋಪಾದ ಪ್ರಮಾಣವನ್ನು ಇಳಿಸಿ ಅದನ್ನು ಸರಿಪಡಿಸುವರು. ಎಂಟಕಪೋನಿನಿಂದ ಮೂತ್ರವು ಕೆಂಪುಮಿಶ್ರಿತ ಕಂದುಬಣ್ಣಕ್ಕೆ ತಿರುಗುವದುಂಟು. ರಕ್ತವೆಂದು ಹೆದರಿ ಔಷಧವನ್ನು ಬಿಟ್ಟವರುಂಟಾಗಬಾರದು, ಅದರಿಂದ ಅಪಾಯವಿಲ್ಲ. ಆದರೆ ಭೇದಿಯು ಹತ್ತಿದರೆ, ಅದು ಔಷಧವನ್ನು ಆರಂಭಿಸಿ ಕೆಲವು ವಾರಗಳಾದ ಮೇಲೆಯೇ ಬಂದಿದ್ದರೂ, ವೈದ್ಯರಿಗೆ ತಿಳಿಸಲೇಬೇಕು. ರಕ್ತಹೀನತೆಗಾಗಿ ಕಬ್ಬಿಣದ ಗುಳಿಗೆಯನ್ನು ಸೇವಿಸುವವರು ಇವೆರಡರ ನಡುವೆ ಎರಡು ಮೂರು ತಾಸಿನ ಅಂತರವನ್ನಿಡಬೇಕು. ಇದೇ ವರ್ಗದ ಟೋಲ್ಕಪೋನ್ ಎಂಬದು ಕೆಲವರ ಯಕೃತ್ತನ್ನು ಕೆಡಿಸಿ ಮರಣಕ್ಕೆ ಕಾರಣವಾದ್ದರಿಂದ ೧೯೯೮ರಲ್ಲಿ ಯುರೋಪಿನಲ್ಲಿ ಅದರ ಮಾರಾಟವನ್ನು ತಡೆದರು. ಮುಂದೆ ರಕ್ತಪರೀಕ್ಷೆಯ ಕಟ್ಟುಪಾಡಿನೊಡನೆ ಮಾತ್ರ ಮರಳಿ ಬಂದಿತು. ಒಂದೇ ಕುಲದ ಔಷಧಗಳಾದರೂ ಸ್ವಭಾವವು ಒಂದೇ ಆಗಿರುವದಿಲ್ಲವೆಂಬದಕ್ಕೆ ಇದು ನಿದರ್ಶನವು.

ಎರಡನೆಯ ವರ್ಗವು ಸೆಲೆಜಿಲಿನ್, ರಸಾಜಿಲಿನ್, ಸಫಿನಮೈಡ್ ಎಂಬವುಗಳದು. ಇವು ಮೆದುಳಿನೊಳಗೆ ಡೋಪಮೀನನ್ನು ಒಡೆಯುವ ಕಿಣ್ವವನ್ನು ತಡೆಯುವವು. ದಿನಕ್ಕೆ ಒಂದೆರಡು ಸಣ್ಣ ಗುಳಿಗೆಗಳಲ್ಲಿ ಮುಗಿಯುವದರಿಂದ ಜನರು ಇವನ್ನು ಹಗುರಾಗಿ ಎಣಿಸುವರು. ಆದರೆ ಮನೆಯಲ್ಲಿ ಅತ್ಯಂತ ಸುಲಭವಾಗಿ ತಪ್ಪು ನಡೆಯುವದು ಇಲ್ಲಿಯೇ. ಅದು ಹೇಗೆಂದರೆ, ಮಳೆಗಾಲದಲ್ಲಿ ಹಿರಿಯರಿಗೆ ಒಣಕೆಮ್ಮು ಹತ್ತಿತೆಂದು ಮಗನು ಅಂಗಡಿಯಿಂದ ಒಂದು ಸೀಸೆ ಕೆಮ್ಮಿನ ಔಷಧವನ್ನು ತರುವನು. ಒಣಕೆಮ್ಮಿನ ಅನೇಕ ಔಷಧಗಳಲ್ಲಿ ಡೆಕ್ಸ್‌ಟ್ರೊಮೆಥಾರ್ಫನ್ ಎಂಬ ದ್ರವ್ಯವಿರುವದು. ಅದು ಈ ವರ್ಗದ ಔಷಧಗಳೊಡನೆ ಸೇರಿದರೆ ಜ್ವರ, ವಿಪರೀತ ಬೆವರು, ತಳಮಳ, ಬುದ್ಧಿಭ್ರಮೆ, ಸ್ನಾಯುಗಳ ಸೆಡೆತ ಇವು ಉಂಟಾಗಿ ಪ್ರಾಣಕ್ಕೆ ಮುಪ್ಪು ಬರಬಹುದು. ನೋವಿಗೆ ಕೊಡುವ ಟ್ರಾಮಡಾಲ್, ಪೆಥಿಡೀನ್ ಎಂಬವುಗಳೂ ಇದೇ ರೀತಿ ನಿಷಿದ್ಧವಾದವು. ರಸಾಜಿಲಿನ್ ಮತ್ತು ಸೆಲೆಜಿಲಿನ್ನುಗಳನ್ನು ನಿಲ್ಲಿಸಿದ ಮರುದಿನವೇ ಅವುಗಳ ಪ್ರಭಾವವು ಹೋಗುವದಿಲ್ಲ. ನಿಷಿದ್ಧ ಔಷಧವನ್ನು ಕೊಡುವ ಮೊದಲು ೧೪ ದಿನಗಳಾದರೂ ಕಳೆಯಬೇಕೆಂಬ ನಿಯಮವುಂಟು. ಖಿನ್ನತೆಯ ಔಷಧಗಳಲ್ಲಿಯೂ ಹಲವು ಇವುಗಳೊಡನೆ ಜಾಗರೂಕತೆಯಿಂದ ಮಾತ್ರ ಕೊಡತಕ್ಕವು. ಈ ರೋಗದಲ್ಲಿ ಖಿನ್ನತೆಯು ಸಾಮಾನ್ಯವಾದ್ದರಿಂದ ಇಬ್ಬರು ವೈದ್ಯರು ಬೇರೆಬೇರೆಯಾಗಿ ಎರಡನ್ನೂ ಬರೆದುಕೊಡುವ ಸಂಭವವುಂಟು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವದು ಮನೆಯವರ ಹೊಣೆ. ಸೆಲೆಜಿಲಿನನ್ನು ಸಂಜೆ ಸೇವಿಸಿದರೆ ನಿದ್ರೆಯು ಕೆಡುವದರಿಂದ ಅದನ್ನು ಮುಂಜಾನೆ ಮತ್ತು ಮಧ್ಯಾಹ್ನದಲ್ಲಿಯೇ ಕೊಡುವರು.

ಮೂರನೆಯ ವರ್ಗದ ಪ್ರಮಿಪೆಕ್ಸಾಲ್, ರೋಪಿನಿರೋಲ್ ಮುಂತಾದವು ಡೋಪಮೀನಿನ ವೇಷವನ್ನು ಧರಿಸಿ ತಾವೇ ಮೆದುಳಿನಲ್ಲಿ ಕೆಲಸಮಾಡುವವು. ಇವುಗಳಿಂದ ಹಗಲಿನಲ್ಲಿಯೇ ಮುನ್ಸೂಚನೆಯಿಲ್ಲದೆ ನಿದ್ರೆಯು ಕವಿಯಬಹುದಾದ್ದರಿಂದ ಮೋಟಾರು ಬೈಕನ್ನಾಗಲಿ ಟ್ರ್ಯಾಕ್ಟರನ್ನಾಗಲಿ ನಡೆಸುವವರು ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಬಾರದು. ಎದ್ದು ನಿಂತಾಗ ರಕ್ತದ ಒತ್ತಡವು ಇಳಿದು ಕಣ್ಣು ಕತ್ತಲೆಗುಡಬಹುದು, ಕಾಲು ಬಾಯಬಹುದು, ವೃದ್ಧರಿಗೆ ಇಲ್ಲದ ಮನುಷ್ಯರೂ ಪ್ರಾಣಿಗಳೂ ಕಾಣಿಸಬಹುದು.

ಇವೆಲ್ಲಕ್ಕಿಂತಲೂ ಗಂಭೀರವಾದದ್ದು ಇನ್ನೊಂದುಂಟು. ಜನ್ಮವಿಡೀ ಮಿತವ್ಯಯಿಯಾಗಿದ್ದ ಹಿರಿಯನು ಇದ್ದಕ್ಕಿದ್ದಂತೆ ಜೂಜಿಗೆ ಹಣವನ್ನು ಸುರಿಯತೊಡಗುವನು, ಬೇಡದ ವಸ್ತುಗಳನ್ನು ಕೊಂಡು ಮನೆ ತುಂಬುವನು, ರಾತ್ರಿಯೆದ್ದು ತಿನ್ನುವನು, ಕಾಮವು ಮರ್ಯಾದೆಯ ಮೇರೆಯನ್ನು ಮೀರುವದು. ಅಮೇರಿಕ ಮತ್ತು ಕೆನಡಾ ದೇಶಗಳಲ್ಲಿ ೩೦೯೦ ರೋಗಿಗಳನ್ನು ವಿಚಾರಿಸಿ ೨೦೧೦ರಲ್ಲಿ ಪ್ರಕಟಿಸಿದ ಪರಿಶೋಧನೆಯೊಂದರಲ್ಲಿ, ಈ ವರ್ಗದ ಔಷಧವನ್ನು ಸೇವಿಸುವವರ ಪೈಕಿ ನೂರಕ್ಕೆ ಸುಮಾರು ೧೭ ಜನರಲ್ಲಿ ಇಂಥ ಲಕ್ಷಣಗಳು ಕಂಡವು. ಸೇವಿಸದ ರೋಗಿಗಳಲ್ಲಿ ಸುಮಾರು ೭ ಜನರಲ್ಲಿ ಮಾತ್ರ. ಇದು ಶೀಲದ ಪತನವಲ್ಲ, ಔಷಧದ ದೋಷವು. ಆದರೆ ಮನೆಯಲ್ಲಿ ಏನಾಗುವದು? ರೋಗಿಯು ನಾಚಿಕೆಯಿಂದ ಬಾಯಿ ಬಿಡುವದಿಲ್ಲ. ಹೆಂಡತಿಯು ಮಾನಕ್ಕೆ ಅಂಜಿ ಮುಚ್ಚಿಡುವಳು. ಮಕ್ಕಳು ‘ಅಪ್ಪನಿಗೆ ಈ ವಯಸ್ಸಿನಲ್ಲಿ ಬುದ್ಧಿ ಕೆಟ್ಟಿತು’ ಎಂದು ದೂಷಿಸುವರು. ಹೊಲವು ಕೈಬಿಡುವದು, ಮನೆತನವು ಒಡೆಯುವದು. ಕಾರಣವು ಮಾತ್ರ ಗುಳಿಗೆಯ ಡಬ್ಬಿಯಲ್ಲಿ ಸುಮ್ಮನೆ ಕುಳಿತಿರುವದು. ವೈದ್ಯರಿಗೆ ಒಂದು ಮಾತು ತಿಳಿಸಿದ್ದರೆ ಅವರು ಔಷಧವನ್ನು ಮೆಲ್ಲಗೆ ಇಳಿಸಿ ಪರಿಹಾರವನ್ನು ನೋಡುತ್ತಿದ್ದರು. ಮೆಲ್ಲಗೆ ಎಂಬದು ಮುಖ್ಯವಾದ ಮಾತು. ಇದನ್ನು ಒಮ್ಮೆಲೇ ನಿಲ್ಲಿಸಿದವರಲ್ಲಿ ಕಳವಳ, ಬೆವರು, ತೀವ್ರ ಖಿನ್ನತೆ ಮುಂತಾದ ಬಾಧೆಗಳು ಹುಟ್ಟುವದುಂಟು. ಆದ್ದರಿಂದ ಈ ವರ್ಗದ ಔಷಧವು ಮನೆಗೆ ಬಂದ ದಿನವೇ ಹೆಂಡತಿ ಮಕ್ಕಳಿಗೆ ಈ ಸಂಗತಿಯನ್ನು ತಿಳಿಸಿಡತಕ್ಕದ್ದು. ಮುಂಚೆ ತಿಳಿದಿದ್ದರೆ ಲಜ್ಜೆಗೆ ಅವಕಾಶವಿರುವದಿಲ್ಲ.

ಇನ್ನುಳಿದವುಗಳಲ್ಲಿ ಅಮಾಂಟಡೀನ್ ಎಂಬದು ಮೊದಲು ಶೀತಜ್ವರದ ಸೋಂಕಿಗಾಗಿ ಬಂದದ್ದು. ಅದಕ್ಕಾಗಿ ಸೇವಿಸಿದ ಒಬ್ಬ ರೋಗಿಯ ನಡುಕವು ತಗ್ಗಿದ್ದರಿಂದ ಈ ಉಪಯೋಗವು ೧೯೬೦ರ ದಶಕದ ಕೊನೆಗೆ ತಿಳಿಯಿತು. ಅತಿಚಲನೆಯನ್ನು ತಗ್ಗಿಸುವದು ಅದರ ವಿಶೇಷ ಗುಣವು. ಮೂತ್ರಪಿಂಡವು ದುರ್ಬಲವಾಗಿದ್ದವರಿಗೆ ಪ್ರಮಾಣವನ್ನು ಇಳಿಸಬೇಕಾಗುವದು. ಟ್ರೈಹೆಕ್ಸಿಫೆನಿಡಿಲ್ ಎಂಬ ಹಳೆಯ ಔಷಧವು ನಡುಕಕ್ಕೆ ನೆರವಾದರೂ ವೃದ್ಧರಲ್ಲಿ ಮರೆವು, ಭ್ರಮೆ, ಮೂತ್ರದ ತಡೆ ಇವುಗಳನ್ನುಂಟುಮಾಡುವದರಿಂದ ಅವರಿಗೆ ಸಾಮಾನ್ಯವಾಗಿ ಕೊಡಬಾರದೆಂದು ಅಭಿಪ್ರಾಯವುಂಟು.

ಇನ್ನು ಮನೆಯಲ್ಲಿ ಪಾಲಿಸಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೇಳತಕ್ಕದ್ದಿದೆ.

ಮೊದಲನೆಯದು ಕಾಲನಿಯಮವು. ಈ ರೋಗದಲ್ಲಿ ಅರ್ಧ ತಾಸಿನ ವಿಳಂಬವೂ ಲೆಕ್ಕಕ್ಕೆ ಬರುವದು. ಲೆವೊಡೋಪಾವನ್ನು ಊಟಕ್ಕೆ ಅರ್ಧ ತಾಸು ಮೊದಲು ಅಥವಾ ಊಟವಾಗಿ ಒಂದು ತಾಸಿನ ಮೇಲೆ ನೀರಿನೊಡನೆ ಸೇವಿಸುವದು ಸಾಮಾನ್ಯವಾಗಿ ಒಳ್ಳೆಯದು. ಬೇಳೆ, ಹಾಲು, ಮೊಸರುಗಳಲ್ಲಿರುವ ಸಸಾರಜನಕವು ಕರುಳಿನಲ್ಲಿಯೂ ಮೆದುಳಿನ ಬಾಗಿಲಿನಲ್ಲಿಯೂ ಲೆವೊಡೋಪಾದೊಡನೆ ಪೈಪೋಟಿ ಮಾಡುವದು. ಹಾಗೆಂದು ಬೇಳೆಯನ್ನೂ ಹಾಲನ್ನೂ ಬಿಟ್ಟುಬಿಟ್ಟರೆ ಶರೀರವು ಸೊರಗುವದು. ಹೊತ್ತನ್ನು ಬೇರ್ಪಡಿಸಿದರೆ ಸಾಕು. ಪೂಜೆಯಾಗುವವರೆಗೆ ಏನನ್ನೂ ಮುಟ್ಟದ ನೇಮವುಳ್ಳವರೂ ಶಿವರಾತ್ರಿಯಲ್ಲಿ ಉಪವಾಸವಿರುವವರೂ ತಮ್ಮ ನೇಮವನ್ನು ವೈದ್ಯರಿಗೂ, ಔಷಧದ ಹೊತ್ತನ್ನು ಗುರುಗಳಿಗೂ ಮುಚ್ಚದೆ ಅರಿಕೆಮಾಡಿಕೊಂಡು ಎರಡಕ್ಕೂ ದಾರಿಯನ್ನು ಮಾಡಿಕೊಳ್ಳಬೇಕು. ನೇಮಕ್ಕಾಗಿ ಗುಳಿಗೆಯನ್ನು ತಾನೇ ಬಿಡುವದು ಸಲ್ಲದು.

ಎರಡನೆಯದು, ತಾನಾಗಿ ಕೂಡಿಸಬಾರದು, ತಾನಾಗಿ ಬಿಡಬಾರದು. ನಸುಗುನ್ನಿಯ ಬೀಜದ ಸಂಗತಿಯನ್ನು ಇಲ್ಲಿ ಹೇಳುವದು ಅವಶ್ಯವು. ಅದರಲ್ಲಿ ಲೆವೊಡೋಪಾವೇ ಇರುವದೆಂಬದನ್ನು ಮದ್ರಾಸ್ ವಿಶ್ವವಿದ್ಯಾಲಯದ ದಾಮೋದರನ್ ಮತ್ತು ರಾಮಸ್ವಾಮಿಯವರು ೧೯೩೭ರಲ್ಲಿ ತೋರಿಸಿಕೊಟ್ಟರು. ನಮ್ಮ ವೈದ್ಯಪರಂಪರೆಗೆ ಇದು ಅಭಿಮಾನದ ವಿಷಯವೇ ಸರಿ. ಆದರೆ ಅದೇ ಕಾರಣದಿಂದ, ಗುಳಿಗೆಯ ಮೇಲೆ ಗುಟ್ಟಾಗಿ ಆ ಬೀಜದ ಚೂರ್ಣವನ್ನು ಸೇವಿಸಿದರೆ ಮುಖ್ಯ ಔಷಧವನ್ನು ಅಳತೆಯಿಲ್ಲದೆ ಹೆಚ್ಚಿಸಿದಂತಾಗುವದು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. ಹಾಗೆಯೇ ಲೆವೊಡೋಪಾವನ್ನು ತಟ್ಟನೆ ನಿಲ್ಲಿಸಿದರೆ ತೀವ್ರ ಜ್ವರ, ಮೈಯೆಲ್ಲ ಮರದಂತೆ ಬಿಗಿಯುವದು, ಪ್ರಜ್ಞೆ ತಪ್ಪುವದು ಇವು ಬಂದು ಪ್ರಾಣಹಾನಿಯಾಗುವ ಭಯವುಂಟು.

ಮೂರನೆಯದು, ಬೇರೆ ರೋಗಕ್ಕಾಗಿ ಬೇರೆ ವೈದ್ಯರ ಬಳಿಗೆ ಹೋದಾಗ ಈ ರೋಗವನ್ನೂ ಇದರ ಎಲ್ಲ ಔಷಧಗಳನ್ನೂ ಹೇಳಬೇಕು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಎಂಬವೂ, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಎಂಬದೂ, ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್ ಎಂಬದೂ ಡೋಪಮೀನಿಗೆ ಅಡ್ಡಬಂದು ಈ ರೋಗವನ್ನು ಕೆರಳಿಸುವವು. ಶಸ್ತ್ರಕ್ರಿಯೆಯಿದ್ದರೆ ಅರಿವಳಿಕೆಯನ್ನು ಕೊಡುವ ವೈದ್ಯರಿಗೂ ಮುಂದಾಗಿ ತಿಳಿಸಬೇಕು.

ನಾಲ್ಕನೆಯದು ಒಂದು ಸಣ್ಣ ಪುಸ್ತಕವು. ಗುಳಿಗೆಯ ಹೊತ್ತು, ಊಟದ ಹೊತ್ತು, ಮೈ ಬಿಗಿದ ಹೊತ್ತು, ಅತಿಚಲನೆಯಾದ ಹೊತ್ತು, ನಿದ್ರೆ, ಬೀಳುವಿಕೆ, ಹೊಸ ನಡತೆ ಇವುಗಳನ್ನು ವೈದ್ಯರ ಭೇಟಿಯ ಮುಂಚಿನ ಮೂರು ದಿನವಾದರೂ ಬರೆದಿಡಬೇಕು. ವೈದ್ಯರು ರೋಗಿಯನ್ನು ನೋಡುವದು ಕಾಲು ತಾಸು. ಮನೆಯವರು ನೋಡುವದು ಹಗಲಿರುಳು. ಆ ಕಾಲು ತಾಸಿನಲ್ಲಿ ಈ ಹಗಲಿರುಳನ್ನು ತೋರಿಸಬಲ್ಲದ್ದು ಆ ಪುಸ್ತಕವೊಂದೇ. ಯಾವ ಸಹಾಯಕ ಔಷಧವು ಯಾರಿಗೆ, ಎಷ್ಟು, ಎಂದಿನವರೆಗೆ ಎಂಬದನ್ನು ಗೊತ್ತುಪಡಿಸತಕ್ಕವರು ರೋಗಿಯನ್ನು ಕಣ್ಣಾರೆ ಕಂಡ ವೈದ್ಯರೇ ಹೊರತು ಅಂಗಡಿಯವನಲ್ಲ, ನೆರೆಮನೆಯವನಲ್ಲ, ಇಂಥ ಉಪನ್ಯಾಸವೂ ಅಲ್ಲ.

ಮಹಾಶಯರೇ, ಈ ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ದೊರೆತಿಲ್ಲ. ದೊರೆತದ್ದು ದಿನದ ಕೆಲವು ಒಳ್ಳೆಯ ತಾಸುಗಳು. ಸಹಾಯಕ ಔಷಧವು ಆ ತಾಸುಗಳನ್ನು ಹೆಚ್ಚಿಸಬಲ್ಲದು. ಅಜಾಗರೂಕತೆಯಾದರೆ ಅವನ್ನೇ ಕಸಿದುಕೊಳ್ಳಬಲ್ಲದು. ಆ ಒಂದೆರಡು ತಾಸುಗಳಲ್ಲಿಯೇ ಹಿರಿಯನು ತಾನೇ ಎದ್ದು ಮೀಯುವನು, ತನ್ನ ಕೈಯಿಂದ ತಾನು ಉಣ್ಣುವನು, ಅಂಗೈಯನ್ನು ನಿಶ್ಚಲವಾಗಿ ಹಿಡಿದು ಲಿಂಗವನ್ನು ಕಣ್ಣುತುಂಬ ನೋಡುವನು. ಗಡಿಯಾರವನ್ನು ನೋಡಿ ಗುಳಿಗೆಯನ್ನೂ ನೀರನ್ನೂ ಮುಂದಿಡುವ ಸೊಸೆಯ, ಚೀಟಿಯನ್ನು ತಪ್ಪದೆ ವೈದ್ಯರಿಗೆ ತೋರಿಸುವ ಮಗನ, ನಾಚಿಕೆಯನ್ನು ಬಿಟ್ಟು ಇದ್ದದ್ದನ್ನು ಹೇಳುವ ರೋಗಿಯ ಎಚ್ಚರಿಕೆಯೇ ಆ ತಾಸುಗಳಿಗೆ ಕಾವಲು. ಹಿರಿಯರಿಗೆ ಸಲ್ಲಿಸುವ ಸೇವೆಯಲ್ಲಿ ಇದು ಕಿರಿದೆಂದು ಯಾರೂ ಎಣಿಸದಿರಲಿ.

ಸರ್ವರಿಗೂ ಆಯುರಾರೋಗ್ಯವು ಲಭಿಸಲಿ. ಮಂಗಳವಾಗಲಿ.